ಮಂಗಳವಾರ ಶುಕ್ರವಾರದ ನೀರು

ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದ ಮೂರನೆಯ ವಾರಕ್ಕೆ ಸಿಸ್ಟರ್ ಒಂದು ಸ್ಪೋರ್ಟ್ಸ್ ಕಾರು ಕೊಂಡರು. ಹೊಸದಲ್ಲ, ಹದಿನೆಂಟು ವರ್ಷ ಹಳೆಯದು. ಕಡುಹಸಿರು ಬಣ್ಣ, ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಮಾಡು. ಒಳಗೆ ಕೂತರೆ ನೆಲದ ಮೇಲೇ ಕೂತ ಹಾಗಿರುತ್ತಿತ್ತು. ಅವರನ್ನು ಅಕ್ಕ ಎಂದು ಕರೆಯುವವನು ತಮ್ಮ ಒಬ್ಬನೇ, ಮನೆಯ ಹೊರಗಿನವರಿಗೆಲ್ಲ ಅವರು ಸಿಸ್ಟರ್. ಕಾರು ಗೇಟಿನೊಳಗೆ ಬಂದ ದಿನ ಆ ತಮ್ಮ ಅದರ ಸುತ್ತ ಎರಡು ಸುತ್ತು ಹಾಕಿ, "ಅಕ್ಕ, ಬೆನ್ನುನೋವಿರೋರು ಒಳ್ಳೇ ಹಾಸಿಗೆ ಕೊಳ್ತಾರೆ. ನೀನು ಇದನ್ನ ಕೊಂಡಿದೀಯ" ಎಂದ. ಅವನು ವಿಮೆ ಕಂಪನಿಯಲ್ಲಿ ಕೆಲಸ ಮಾಡುವವನು. ಯಾವ ವಸ್ತು ಕಂಡರೂ ಅದು ಹೇಗೆ ಕೆಡಬಹುದು ಎನ್ನುವುದೇ ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ತಮ್ಮನ ಹೆಂಡತಿಯಂತೂ ಬಾಗಿಲಲ್ಲೇ ನಿಂತು ಮೂಗು ಮುರಿದಳು. "ಅತ್ತಿಗೆ, ಇದರಲ್ಲಿ ತರಕಾರಿ ಚೀಲ ಎಲ್ಲಿಡ್ತೀರಿ? ತೊಡೆ ಮೇಲಾ?"

ಸಿಸ್ಟರ್ ನಕ್ಕರು. ತಮ್ಮನನ್ನು ಓದಿಸಿ, ಮದುವೆ ಮಾಡಿ, ತಾವು ಮಾತ್ರ ಮದುವೆಯ ಗೋಜಿಗೆ ಹೋಗದೆ ಆ ಮನೆಯ ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದವರು ಅವರು. ಕೆಳಗಿನ ಮನೆಯಲ್ಲಿ ತಮ್ಮ, ಅವನ ಹೆಂಡತಿ. ಮಾತಿಗೆ ಮಾತು ಬೆಳೆಸುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಅಷ್ಟು ವರ್ಷ ಬೆಳಿಗ್ಗೆ ಏಳಕ್ಕೆ ವಾರ್ಡಿನ ಕಿಟಕಿಯ ಕೆಳಗೆ ಯಾರೋ ಸರ್ಜನ್ನರ ಕಾರು ಗುರ್ರೆಂದು ಬಂದು ನಿಲ್ಲುವುದನ್ನು ಕೇಳಿದ್ದರು. ಆ ಸದ್ದು ತಮ್ಮ ಕಾಲಿನ ಕೆಳಗಿಂದ ಬಂದರೆ ಹೇಗಿರುತ್ತದೆ ಎಂದು ನೋಡುವ ಆಸೆ ಇತ್ತು, ನೋಡಿದರು. ಅದಕ್ಕೆ ಯಾರಿಗೂ ಕಾರಣ ಕೊಡಬೇಕೆಂದು ಅವರಿಗೆ ಅನ್ನಿಸಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಲೈಬ್ರರಿಯಿಂದ ವಾಪಸು ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟದೊಂದು ಕೆಂಪು ದೀಪ ಹತ್ತಿಕೊಂಡಿತು. ಕೂಲೆಂಟ್ ಕಡಿಮೆಯಾಗಿದೆ ಎನ್ನುವ ದೀಪ. ಎಂಜಿನ್ನಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುವ ಕೆಂಪು ನೀರು, ಬಾನೆಟ್ಟಿನ ಕೆಳಗಿನ ಬಿಳಿ ಡಬ್ಬಿಯಲ್ಲಿ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿತ್ತು. ಸಿಸ್ಟರ್ ಅಳೆದು ತುಂಬಿಸಿದರು. ಹತ್ತು ದಿನಕ್ಕೆ ಮತ್ತೆ ಅದೇ ದೀಪ. ಕಾರಿನ ಕೆಳಗೆ ಹಳೆ ಪೇಪರು ಹಾಸಿಟ್ಟರು. ಬೆಳಿಗ್ಗೆ ನೋಡಿದರೆ ಪೇಪರು ಗರಿಗರಿ ಒಣಗೇ ಇತ್ತು, ಒಂದು ಹನಿ ಕಲೆ ಇಲ್ಲ.

ಊರಾಚೆಯ ದೊಡ್ಡ ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಟೈ ಕಟ್ಟಿದವನೊಬ್ಬ ಡಬ್ಬಿಯ ಬಾಯಿಗೆ ಪಂಪು ಸಿಕ್ಕಿಸಿ, ತಣ್ಣಗಿದ್ದ ಎಂಜಿನ್ನಿಗೆ ಹತ್ತು ನಿಮಿಷ ಗಾಳಿಯ ಒತ್ತಡ ಕೊಟ್ಟು, ಪಂಪಿನ ಮುಳ್ಳು ಇಳಿಯಲಿಲ್ಲ ಎಂದ. "ಹೊರಗೆ ಸೋರ್ತಿಲ್ಲ ಮೇಡಂ. ಅಂದ್ರೆ ಒಳಗೇ ಸುಟ್ಟು ಹೋಗ್ತಿದೆ. ಎಂಜಿನ್ನಿನೊಳಗೆ ನೀರು ನುಗ್ಗದ ಹಾಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿರತ್ತೆ. ಎಂಜಿನ್ ಬಿಚ್ಚಬೇಕು."

"ಹೋಗಿದೆ ಅಂತೀರೋ, ಹೋಗಿರತ್ತೆ ಅಂತೀರೋ?"

"ಬಿಚ್ಚಿದ್ರೆ ಗೊತ್ತಾಗತ್ತೆ."

"ನಮ್ಮ ಆಸ್ಪತ್ರೇಲಿ ಗೊತ್ತಾದ ಮೇಲೆ ಬಿಚ್ತಿದ್ರು" ಎಂದು ಸಿಸ್ಟರ್ ಕೀ ಇಸಿದುಕೊಂಡು ಬಂದರು.

ಸಂಜೆ ತಮ್ಮ ವಿಷಯ ಕೇಳಿ ತಲೆ ಕೊಡವಿದ. "ಮಾರಿಬಿಡು ಅಕ್ಕ. ಬಿಳಿಯಾನೆ ಸಾಕೋದು ಯಾಕೆ?" ಅವನ ಹೆಂಡತಿ ಮಾತ್ರ ಆ ದಿನ ಏನೂ ಅನ್ನಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಸರ್ರನೆ ಒಳಗೆ ಹೋದಳು. ಅವಳ ಬಾಯಿಂದ ಒಂದು ಚುಚ್ಚುಮಾತೂ ಬರಲಿಲ್ಲವಲ್ಲ ಎಂದು ಸಿಸ್ಟರಿಗೆ ಸೋಜಿಗವಾಯಿತು, ಅಷ್ಟೇ.

ಎರಡು ಬೀದಿ ಆಚೆಗೆ, ಹಳೆಯ ಗೋದಾಮಿನ ಮುಂಭಾಗದಲ್ಲಿ ಒಬ್ಬ ಮೇಸ್ತ್ರಿಯ ಗ್ಯಾರೇಜು ಇತ್ತು. ಅವನೂ ಅವನ ಭಾವಮೈದುನನೂ ಸೇರಿ ನಡೆಸುತ್ತಿದ್ದದ್ದು. ಭಾವಮೈದುನ ಟೈರು ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ಟೈರು ಬಿಟ್ಟು ಬೇರೆಲ್ಲವನ್ನೂ ಮುಟ್ಟುತ್ತಿದ್ದ. ಹಸಿರು ಕಾರು ಒಳಗೆ ಬಂದಾಗ ಅವನು ಕೈ ಒರೆಸಿಕೊಳ್ಳುತ್ತಾ ಎದ್ದು ಬಂದು, ಮೊದಲು ಅದರ ಮೂತಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಅದು ಸಿಸ್ಟರಿಗೆ ಹಿಡಿಸಿತು.

ಅವನು ಎಣ್ಣೆಯ ಮುಚ್ಚಳ ತೆಗೆದು ಒಳಮೈಯನ್ನು ಬೆರಳಿನಿಂದ ಸವರಿ ತೋರಿಸಿದ. "ನೀರು ಎಣ್ಣೆಗೆ ಸೇರಿದ್ರೆ ಇಲ್ಲಿ ಕೆನೆ ಕಟ್ಟಿರತ್ತೆ. ಇಲ್ಲ ನೋಡಿ." ಎಂಜಿನ್ ಚಾಲೂ ಮಾಡಿ ಹಿಂದಿನ ಪೈಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಬಿಳಿ ಹೊಗೆಯೂ ಇಲ್ಲ." ಆಮೇಲೆ ಗಾಜಿನ ನಳಿಗೆಯಲ್ಲಿ ನೀಲಿ ದ್ರವ ತುಂಬಿ ಕೂಲೆಂಟ್ ಡಬ್ಬಿಯ ಬಾಯಿಗೆ ಇಟ್ಟು, ಒಳಗಿನ ಆವಿಯನ್ನು ಅದರ ಮೂಲಕ ಎಳೆದ. "ಗ್ಯಾಸ್ಕೆಟ್ ಹೋಗಿದ್ರೆ ಎಂಜಿನ್ನಿನ ಹೊಗೆ ನೀರಿಗೆ ಬಂದಿರತ್ತೆ. ಆಗ ಇದು ಹಳದಿ ಆಗತ್ತೆ."

ಐದು ನಿಮಿಷ ಇಬ್ಬರೂ ನಳಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನೀಲಿ ನೀಲಿಯಾಗಿಯೇ ಉಳಿಯಿತು.

"ಗ್ಯಾಸ್ಕೆಟ್ ಕಲ್ಲಿನ ಹಾಗಿದೆ ಸಿಸ್ಟರ್. ಸುಮ್ಮಸುಮ್ಮನೆ ಎಂಜಿನ್ ಬಿಚ್ಚಿದ್ರೆ ಪಾಪ ಬರತ್ತೆ. ಆದ್ರೆ ಒಂದು ಮಾತು." ಮೇಸ್ತ್ರಿ ಡಬ್ಬಿಗೆ ಟಾರ್ಚು ಹಿಡಿದ. "ನೀವು ಇದಕ್ಕೆ ನಲ್ಲಿ ನೀರು ಹಾಕ್ತಿದೀರ. ಬಣ್ಣ ಎಷ್ಟು ಪೇಲವ ಆಗಿದೆ ನೋಡಿ. ಇದು ಕೆಂಪಲ್ಲ, ನೀರು ಬೆರೆಸಿದ ಶರಬತ್ತು."

"ಇಲ್ಲ ಮೇಸ್ತ್ರಿ. ಸರಿಯಾದ ಕೂಲೆಂಟೇ ಹಾಕ್ತೀನಿ. ಅದೂ ಅಳತೆ ಲೋಟದಲ್ಲಿ."

ಮೇಸ್ತ್ರಿಯ ಹುಬ್ಬು ಮೇಲೇರಿದ್ದು ಸಿಸ್ಟರಿಗೆ ಕಂಡಿತು. ಕದ್ದು ಸಿಹಿ ತಿಂದು ಇಲ್ಲ ಎನ್ನುವ ಸಕ್ಕರೆ ಕಾಯಿಲೆಯವರನ್ನು ತಾವೂ ಎಷ್ಟೋ ಸಲ ಹಾಗೇ ನೋಡಿದ್ದರು.

"ಎರಡು ವಾರ ಕೊಡಿ. ಬರೆದಿಟ್ಟು ತರ್ತೀನಿ" ಎಂದರು.

ವಾರ್ಡಿನಲ್ಲಿ ರೋಗಿಯ ದೇಹಕ್ಕೆ ಎಷ್ಟು ನೀರು ಹೋಯಿತು, ಎಷ್ಟು ಬಂತು ಎಂದು ಗಂಟೆ ಗಂಟೆಗೂ ಬರೆಯುವ ಚಾರ್ಟಿರುತ್ತದೆ. ಸಿಸ್ಟರ್ ಒಂದು ಗೆರೆಪುಸ್ತಕ ತೆಗೆದು ಅಂಥದ್ದೇ ಚಾರ್ಟು ಹಾಕಿದರು. ಬೆಳಿಗ್ಗೆ ಆರಕ್ಕೆ, ಎಂಜಿನ್ ತಣ್ಣಗಿರುವಾಗ, ಡಬ್ಬಿಗೆ ಸ್ಕೇಲು ಹಿಡಿದು ಮಟ್ಟ ಬರೆಯುವುದು. ಅದರ ಪಕ್ಕ ಕಿಲೋಮೀಟರು, ಅದರ ಪಕ್ಕ ಹಿಂದಿನ ದಿನ ಎಲ್ಲಿಗೆ ಹೋಗಿದ್ದು ಎನ್ನುವುದು. ಭಾನುವಾರ, ಸೋಮವಾರ, ಮಂಗಳವಾರ ಮಟ್ಟ ಕದಲಲಿಲ್ಲ. ಬುಧವಾರ ಬೆಳಿಗ್ಗೆ ಸ್ಕೇಲು ಹಿಡಿದವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮಟ್ಟ ಎಂಟು ಮಿಲಿಮೀಟರ್ ಏರಿತ್ತು.

ಸೋರುವ ಕಾರಿನಲ್ಲಿ ನೀರು ಏರುವುದೆಂದರೆ! ಸಿಸ್ಟರ್ ಸೀಟಿನಲ್ಲಿ ಕೂತು ಕಿಲೋಮೀಟರು ನೋಡಿದರು. ನಿನ್ನೆ ಬೆಳಿಗ್ಗೆ ಬರೆದದ್ದಕ್ಕಿಂತ ಹನ್ನೊಂದು ಜಾಸ್ತಿ. ನಿನ್ನೆ ಅವರು ಕಾರು ತೆಗೆದೇ ಇರಲಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವರು ಊರ ಇನ್ನೊಂದು ತುದಿಯ ಉಚಿತ ಚಿಕಿತ್ಸಾಲಯಕ್ಕೆ ಬ್ಯಾಂಡೇಜು ಕಟ್ಟಲು ಹೋಗುತ್ತಿದ್ದರು. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದ್ದರಿಂದ ಬಸ್ಸಿನಲ್ಲೇ ಹೋಗುತ್ತಿದ್ದರು.

ಶನಿವಾರ ಮಟ್ಟ ಎರಡು ಬೆರಳು ಇಳಿದಿತ್ತು. ಕಿಲೋಮೀಟರು ಮತ್ತೆ ಹನ್ನೊಂದು ಜಾಸ್ತಿ.

ಎರಡು ವಾರ ಕಾಯುವ ಅಗತ್ಯವೇ ಬೀಳಲಿಲ್ಲ. ಕಾರಿನ ಕೀ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ತಮ್ಮ ಎಂಟೂವರೆಗೆ ಆಫೀಸಿಗೆ ಹೊರಟರೆ ಬರುವುದು ಸಂಜೆಗೆ. ಆಮೇಲೆ ಮನೆಯಲ್ಲಿ ಉಳಿಯುವವರು ಯಾರು ಎಂದು ಲೆಕ್ಕ ಹಾಕಲು ಗೆರೆಪುಸ್ತಕ ಬೇಕಿರಲಿಲ್ಲ.

ಸಿಸ್ಟರಿಗೆ ಮೊದಲು ಬಂದದ್ದು ಸಿಟ್ಟು. ತರಕಾರಿ ಚೀಲ ಎಲ್ಲಿಡ್ತೀರಿ ಎಂದವಳು ಇವಳೇ ಅಲ್ಲವೇ! ಆದರೆ ಆ ಸಿಟ್ಟು ಮಹಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧಕ್ಕೆ ಬಂದಿತ್ತು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಬೀನ್ಸು ಹೆಚ್ಚುತ್ತಿದ್ದಳು. ತಮ್ಮ ಕ್ಷೌರಕ್ಕೆ ಹೋಗಿದ್ದ. ಸಿಸ್ಟರ್ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟು, ಸ್ಟೂಲು ಎಳೆದುಕೊಂಡು ಕೂತರು.

"ಇದನ್ನ ಸ್ವಲ್ಪ ನೋಡು."

ಅವಳು ಮೇಲಿಂದ ಕೆಳಕ್ಕೆ ಓದಿದಳು. ಚಾಕು ಕೆಳಗಿಟ್ಟಳು.

"ಬೈದುಬಿಡಿ ಅತ್ತಿಗೆ."

"ಬೈಯೋದು ಎಲ್ಲೂ ಓಡಿಹೋಗಲ್ಲ. ಮೊದಲು ಹೇಳು, ಯಾವಾಗಿಂದ?"

"ಎರಡನೇ ತಿಂಗಳಿಂದ."

"ನಿನಗೆ ಓಡಿಸೋಕೆ ಬರತ್ತಾ?"

"ಲೈಸೆನ್ಸ್ ಇದೆ." ಅವಳ ದನಿ ಕೆಳಗಿಳಿಯಿತು. "ಮದುವೆಯಾದ ವರ್ಷ ಮಾಡಿಸಿದ್ದು. ನಿಮ್ಮ ತಮ್ಮನ ಆಗಿನ ಕಾರನ್ನ ಗೇಟಿನ ಕಂಬಕ್ಕೆ ಒಂದು ಸಲ ಉಜ್ಜಿದ್ದೆನಲ್ಲ. ಅವತ್ತಿಂದ ಸ್ಟೇರಿಂಗ್ ಕೊಟ್ಟಿಲ್ಲ. ಬಂದೋರ ಮುಂದೆಲ್ಲ ಅದೇ ಕಥೆ ಹೇಳಿ ನಗಿಸ್ತಿದ್ರು. ಆದ್ರೂ ಲೈಸೆನ್ಸನ್ನ ತಪ್ಪದೆ ರಿನ್ಯೂ ಮಾಡಿಸ್ಕೊಂಡೇ ಬಂದಿದೀನಿ. ಯಾಕೆ ಅಂತ ಕೇಳಬೇಡಿ."

ಸಿಸ್ಟರ್ ಕೇಳಲಿಲ್ಲ. ಆ ಕಂಬದ ಕಥೆಗೆ ತಾವೂ ನಕ್ಕಿದ್ದು ನೆನಪಿತ್ತು. ಒಂದಲ್ಲ, ಹತ್ತು ಸಲವಾದರೂ ನಕ್ಕಿದ್ದರು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದು, ಪಕ್ಕದಲ್ಲಿ ಕೂತು ಟೀ ಕುಡಿಯುವವಳ ಹೊಟ್ಟೆಯೊಳಗೆ ಇಂಥದ್ದೊಂದು ಕೂತಿದೆ ಎಂದು ತಮಗೆ ಗೊತ್ತಾಗಲಿಲ್ಲ. ಮುಖ ನೋಡಿಯೇ ಜ್ವರ ಹೇಳುವವರು ಎಂದು ಆಸ್ಪತ್ರೆಯಲ್ಲಿ ಹೆಸರಾಗಿದ್ದವರಿಗೆ!

"ಎಲ್ಲಿಗೆ ಹೋಗ್ತೀಯ?"

"ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ತನಕ. ಹೋಗಿ ಬಂದ್ರೆ ಹನ್ನೊಂದು ಕಿಲೋಮೀಟರು."

"ಅಲ್ಲಿ ಹೋಗಿ ಏನು ಮಾಡ್ತೀಯ?"

"ಏನೂ ಇಲ್ಲ. ತಿರುಗಿಸ್ಕೊಂಡು ಬರ್ತೀನಿ." ಅವಳು ಮೊದಲ ಬಾರಿಗೆ ತಲೆಯೆತ್ತಿದಳು. "ನೀವು ಓಡಿಸೋದು ಮೆರವಣಿಗೆ ಹಿಂದೆ ಹೋದ ಹಾಗೆ ಅತ್ತಿಗೆ. ಅದರ ಎಂಜಿನ್ನಿಗೆ ಏರು ಬೇಕು. ಏರಿನಲ್ಲಿ ಒತ್ತಿ ನೋಡಿ, ಹೇಗೆ ಎದ್ದು ಹೋಗತ್ತೆ ಅಂತ!" ಎಂದವಳು, ಮಾತು ಜಾಸ್ತಿಯಾಯಿತೆಂದು ನಾಲಿಗೆ ಕಚ್ಚಿಕೊಂಡಳು.

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ಆ ನಗು ಕಂಡು ಅವಳಿಗೆ ಅಳು ಬಂತು. ಅಳುತ್ತಲೇ ಉಳಿದದ್ದನ್ನೂ ಹೇಳಿದಳು. ಒಂದೂವರೆ ತಿಂಗಳ ಹಿಂದೆ ಮೇಲೆ ಹೋಗಿ ನಿಲ್ಲಿಸಿದಾಗ ಸಿಹಿಸಿಹಿ ವಾಸನೆ ಬಂತಂತೆ, ಪಾಕ ತಳ ಹಿಡಿದ ಹಾಗೆ. ಬಾನೆಟ್ಟಿನ ಹಿಂಬದಿಯಿಂದ, ಮುಂದಿನ ಗಾಜಿನ ಬುಡದಲ್ಲಿ, ನೂಲಿನಷ್ಟು ತೆಳ್ಳಗೆ ಬಿಳಿ ಆವಿ. ಎರಡು ನಿಮಿಷಕ್ಕೆ ಅದು ಮಾಯ. ತಾನೇ ಏನೋ ಮುರಿದೆ ಎಂದುಕೊಂಡಳು. ಮನೆಗೆ ಬಂದು, ಮಧ್ಯಾಹ್ನದ ಹೊತ್ತಿಗೆ ತಣ್ಣಗಾದ ಮೇಲೆ ಡಬ್ಬಿ ನೋಡಿ, ಅಡುಗೆಮನೆಯ ಜಗ್ಗಿನಿಂದ ನೀರು ತುಂಬಿಸಿದಳು. ಅಂದಿನಿಂದ ಹಾಗೇ, ಬಿಡುವು ಸಿಕ್ಕದ ದಿನ ಮಾತ್ರ ತಪ್ಪುತ್ತಿತ್ತು. ನಿನ್ನೆಯೂ ನೆಂಟರು ಬಂದು ಕೂತದ್ದರಿಂದ ತುಂಬಿಸಲು ಆಗಲಿಲ್ಲ.

"ಪ್ರತಿಸಲ ಆವಿ ಬರತ್ತಾ?"

"ಏರು ಹತ್ತಿದಾಗಲೆಲ್ಲ."

"ಕೆಳಗೆ ಹನಿ ಬೀಳತ್ತಾ?"

"ಒಂದೂ ಇಲ್ಲ."

ಸಿಸ್ಟರ್ ಪೆನ್ನು ತೆಗೆದು ಅದನ್ನೂ ಚಾರ್ಟಿನಲ್ಲಿ ಬರೆದುಕೊಂಡರು. "ನೀನು ಇದನ್ನ ಮೊದಲೇ ಹೇಳಿದ್ದಿದ್ರೆ ಆ ಟೈ ಕಟ್ಟಿದವನ ಮುಖ ನೋಡೋದು ತಪ್ತಿತ್ತು. ಸೋಮವಾರ ನನ್ನ ಜೊತೆ ಮೇಸ್ತ್ರಿ ಹತ್ರ ಬಾ."

ಸೋಮವಾರ ಮೇಸ್ತ್ರಿ ಚಾರ್ಟು ಓದಿ, ಇಬ್ಬರ ಮುಖವನ್ನೂ ನೋಡಿ, ಏನು ನಡೆದಿದೆಯೆಂದು ಅರ್ಥ ಮಾಡಿಕೊಂಡ. "ಇರೋದು ಎರಡೇ ಸೀಟು" ಎಂದ. "ಸಿಸ್ಟರ್, ನೀವು ಇಲ್ಲೇ ಇರಿ. ಅಮ್ಮ, ನೀವು ಹೇಗೆ ಹತ್ತಿಸ್ತೀರೋ ಹಾಗೇ ಹತ್ತಿಸಿ. ನಾನಿದೀನಿ ಅಂತ ಮೆತ್ತಗೆ ಓಡಿಸಬೇಡಿ."

ಸಿಸ್ಟರ್ ಗ್ಯಾರೇಜಿನ ಕಬ್ಬಿಣದ ಸ್ಟೂಲಿನ ಮೇಲೆ ಕೂತರು. ಭಾವಮೈದುನ ಟೈರುಗಳ ಬಗ್ಗೆ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದ. ಇಪ್ಪತ್ತು ನಿಮಿಷಕ್ಕೆ ಬೀದಿಯ ತುದಿಯಲ್ಲಿ ಆ ಗುರ್ರೆನ್ನುವ ಸದ್ದು ಕೇಳಿತು. ಕಾರು ಒಳಗೆ ಬಂದು ನಿಂತಾಗ ಮೇಸ್ತ್ರಿ ಒಂದು ಕೈಯಲ್ಲಿ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದಿದ್ದ. "ಚೆನ್ನಾಗೇ ಓಡಿಸ್ತಾರೆ" ಎಂದು, ಇಳಿದು, ಉಸಿರು ಬಿಟ್ಟು, ಓಡಿಹೋಗಿ ಬಾನೆಟ್ ಎತ್ತಿದ. "ಬೇಗ ಬನ್ನಿ ಸಿಸ್ಟರ್, ಟಾರ್ಚು ಹಿಡೀರಿ."

ಎಂಜಿನ್ನಿನ ಹಿಂಭಾಗ, ಕೈ ಕೂಡ ಸರಿಯಾಗಿ ತೂರದ ಸಂದಿಯಲ್ಲಿ ಅವನು ಕೋಲಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ ಇಳಿಬಿಟ್ಟ. ಸಿಸ್ಟರ್ ಟಾರ್ಚನ್ನು ಅಲುಗಾಡದಂತೆ ಹಿಡಿದರು. ಅಷ್ಟು ವರ್ಷ ಡಾಕ್ಟರರಿಗೆ ಬೆಳಕು ಹಿಡಿದ ಕೈ ಅದು. ಕನ್ನಡಿಯಲ್ಲಿ ಎರಡು ಹೋಸ್ ಪೈಪು ಸೇರುವ ಕಡೆ ಒಂದು ಕಪ್ಪು ಪ್ಲಾಸ್ಟಿಕ್ ಜಾಯಿಂಟು ಕಂಡಿತು. ಅದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ನೋಡುನೋಡುತ್ತಿದ್ದಂತೆ ಅಲ್ಲೊಂದು ಹನಿ ಕೂಡಿಕೊಂಡಿತು, ತೂಗಿತು, ಕೆಳಗಿನ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿತ್ತು. ಚುಂಯ್ ಎಂದಿತು, ಅಷ್ಟೇ. ನೆಲಕ್ಕೆ ತಲುಪಲು ಏನೂ ಉಳಿಯಲಿಲ್ಲ.

"ಸಿಕ್ಕಿದ ಕಳ್ಳ" ಎಂದ ಮೇಸ್ತ್ರಿ. "ತಣ್ಣಗಿದ್ದಾಗ ಬಾಯಿ ಮುಚ್ಕೊಂಡಿರ್ತಾನೆ. ಏರು ಹತ್ತಿ, ಬಿಸಿಯಾಗಿ, ಒಳಗೆ ಒತ್ತಡ ಜಾಸ್ತಿಯಾದ್ರೆ ಮಾತ್ರ ಬಾಯಿ ಬಿಡ್ತಾನೆ. ಅದಕ್ಕೇ ಅವರ ಪಂಪಿಗೆ ಸಿಕ್ಕಿಲ್ಲ."

"ಹಾಗಾದ್ರೆ ನಾನು ಮುರಿದದ್ದಲ್ವಾ?" ಎಂದಳು ತಮ್ಮನ ಹೆಂಡತಿ.

"ಹದಿನೆಂಟು ವರ್ಷದ ಪ್ಲಾಸ್ಟಿಕ್ಕಮ್ಮ ಇದು, ಬಿಸಿಯಲ್ಲಿ ಬೆಂದು ಬೆಂದು ಹಪ್ಪಳ ಆಗಿದೆ. ನೀವು ಏರು ಹತ್ತಿಸದೇ ಇದ್ದಿದ್ರೆ ಇನ್ನೊಂದು ವರ್ಷ ಗೊತ್ತಾಗ್ತಿರಲಿಲ್ಲ. ಆಮೇಲೆ ಯಾವುದಾದ್ರೂ ದೂರದ ದಾರಿಯಲ್ಲಿ ಒಂದೇ ಸಲ ಕೈ ಕೊಡ್ತಿತ್ತು."

ಅವಳು ಗೋಡೆಗೆ ಒರಗಿ ನಿಂತಳು. ಸಿಸ್ಟರ್ ಅವಳ ಕಡೆ ನೋಡಲಿಲ್ಲ, ಟಾರ್ಚು ಆರಿಸಿ ಸಾವಕಾಶವಾಗಿ ಒರೆಸಿದರು. ಅವಳಿಗೆ ಕಣ್ಣೊರೆಸಿಕೊಳ್ಳಲು ಅಷ್ಟು ಸಮಯ ಬೇಕಿತ್ತು.

ಎಂಜಿನ್ ತಣಿಯಲು ಮಧ್ಯಾಹ್ನವಾಯಿತು. ಮೇಸ್ತ್ರಿ ಹಳೆಯ ನೀರನ್ನು ಬೋಗುಣಿಗೆ ಇಳಿಸಿದ. ಗಾಜಿನ ಬುಡದ ಪಟ್ಟಿ ಬಿಚ್ಚಿ, ಆ ಸಂದಿಗೆ ಕೈ ತೂರಿಸಿ, ಕಾಣದ ಕ್ಲಿಪ್ಪಿನ ಜೊತೆ ಅರ್ಧ ಗಂಟೆ ಗುದ್ದಾಡಿದ. ನಡುವೆ ಒಮ್ಮೆ, "ಸಿಸ್ಟರ್, ಸ್ವಲ್ಪ ಕಿವಿ ಮುಚ್ಕೊಳ್ಳಿ" ಎಂದ. ಅವರು ಮುಚ್ಚಿಕೊಂಡರು. ಅವನು ಕ್ಲಿಪ್ಪಿನ ವಂಶವನ್ನೆಲ್ಲ ಬೈದು ಮುಗಿಸಿ, ಕೈ ಹೊರಗೆ ತೆಗೆದಾಗ ಜಾಯಿಂಟು ಎರಡು ತುಂಡಾಗಿ ಅಂಗೈಯಲ್ಲಿತ್ತು. ಅದರ ಜಾಗಕ್ಕೆ ಹಿತ್ತಾಳೆಯದು ಹಾಕಿದ, ಎರಡು ಹೋಸನ್ನೂ ಹೊಸದು ಮಾಡಿದ, ಕ್ಲಿಪ್ಪುಗಳನ್ನು ಬಿಗಿದ. ನಲ್ಲಿ ನೀರಿನಿಂದ ಒಳಗೆ ಕಿಲುಬು ಕೂರುತ್ತದೆಂದು ಮೂರು ಸಲ ತೊಳೆದು ಚೆಲ್ಲಿ, ಕೂಲೆಂಟನ್ನೂ ಶುದ್ಧ ನೀರನ್ನೂ ಅರ್ಧರ್ಧ ಬೆರೆಸಿ ತುಂಬಿದ.

ಆಮೇಲೆ ಮುಂದಿನ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸಿ ಕಾರಿನ ಮೂತಿ ಮೇಲೆ ಮಾಡಿದ. ಒಳಗೆ ಹೀಟರನ್ನು ಪೂರ್ತಿ ತಿರುಗಿಸಿ ಎಂಜಿನ್ ಚಾಲೂ ಮಾಡಿದ. ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಏಳತೊಡಗಿತು.

"ಗಾಳಿ ಹೊರಗೆ ಹೋಗಬೇಕು. ಎಲ್ಲಾದ್ರೂ ಒಂದು ಗುಟುಕು ಸಿಕ್ಕಿಕೊಂಡಿದ್ರೂ ಅಲ್ಲಿಗೆ ನೀರು ಬರಲ್ಲ, ಎಂಜಿನ್ ಅಲ್ಲೇ ಕಾಯತ್ತೆ."

"ಡ್ರಿಪ್ ಹಾಕೋ ಮುಂಚೆ ನಾವೂ ಪೈಪಿನ ಗಾಳಿ ಹೀಗೇ ತೆಗೀತಿದ್ವಿ" ಎಂದರು ಸಿಸ್ಟರ್. ಅವರು ಡಬ್ಬಿಯ ಮೇಲೆ ಬಗ್ಗಿ ಕೊನೆಯ ಗುಳ್ಳೆ ಒಡೆಯುವ ತನಕ ಅಲ್ಲಾಡಲಿಲ್ಲ.

ಮೇಸ್ತ್ರಿ ಕೀ ತಂದಾಗ ಸಿಸ್ಟರ್ ಅದನ್ನು ತಮ್ಮನ ಹೆಂಡತಿಯ ಕೈಗೆ ಕೊಡಿಸಿದರು. ತಾವು ಎಡಗಡೆ ಹೋಗಿ ಕೂತು ಬೆಲ್ಟು ಹಾಕಿಕೊಂಡರು. ಊರು ದಾಟಿ ಏರು ಶುರುವಾದಾಗ ಅವಳು ಗೇರು ಇಳಿಸಿ ಒತ್ತಿದಳು. ಸಿಸ್ಟರ್ ಅವರ ಬೆನ್ನು ಸೀಟಿಗೆ ಅಂಟಿಕೊಂಡಿತು. ತಮ್ಮ ಕಾರು ಇಂಥದ್ದು ಎಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಂದು ತಿರುವಿನಲ್ಲಿ ಬಾಯಿಂದ ಸಣ್ಣ ಕಿರುಚು ಹೊರಟಿತು.

"ನಿಧಾನ ಮಾಡ್ಲಾ ಅತ್ತಿಗೆ?"

"ಬೇಡ."

ಟ್ಯಾಂಕಿನ ಹತ್ತಿರ ನಿಲ್ಲಿಸಿ ಇಬ್ಬರೂ ಬಾನೆಟ್ಟಿನ ಮೇಲೆ ಮೂಗಿಟ್ಟು ಮೂಸಿದರು. ಬಿಸಿ ಕಬ್ಬಿಣದ ವಾಸನೆ ಬಿಟ್ಟರೆ ಬೇರೇನಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ನಟ್ಟನಡುವೆ ನಿಂತಿತ್ತು. ಕೆಳಗೆ ಊರು ಬಿಸಿಲಲ್ಲಿ ಚೆಲ್ಲಿಕೊಂಡಿತ್ತು. ತಮ್ಮ ಮನೆಯ ಮಾಡು ಯಾವುದೆಂದು ಹುಡುಕುತ್ತಾ ಇಬ್ಬರೂ ಸ್ವಲ್ಪ ಹೊತ್ತು ನಿಂತರು.

"ಕಂಬದ ಕಥೆಗೆ ನಾನೂ ನಗಬಾರದಾಗಿತ್ತು" ಎಂದರು ಸಿಸ್ಟರ್.

"ಹೋಗಲಿ ಬಿಡಿ ಅತ್ತಿಗೆ. ಕೀ ಕೇಳಿ ತಗೊಳ್ಳಬೇಕಿತ್ತು ನಾನೂ."

ಸಂಜೆ ತಮ್ಮ ಬರುವಷ್ಟರಲ್ಲಿ ವಿಷಯ ಅವನ ಕಿವಿಗೆ ಬಿದ್ದಾಗಿತ್ತು. ಹೆಂಡತಿ ಏರಿನಲ್ಲಿ ಹೋದದ್ದನ್ನು ಅವನ ಆಫೀಸಿನವರೇ ಯಾರೋ ನೋಡಿದ್ದರು. ಅವನು ಬೂಟು ಬಿಚ್ಚುವ ಮೊದಲೇ ಶುರು ಮಾಡಿದ. ಅಪಘಾತವಾಗಿದ್ದರೆ ಏನು ಗತಿ, ವಿಮೆಯ ಕಾಗದದಲ್ಲಿ ಯಾರ ಹೆಸರಿದೆ, ಒಂದು ಮಾತು ಕೇಳಬಾರದಿತ್ತೇ. ಅವನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ಇಷ್ಟು ವರ್ಷ ಕೇಳಿದ್ದಕ್ಕೆ ನೀವು ಏನಂದ್ರಿ, ಅದನ್ನೊಂದು ಹೇಳಿ" ಎಂದಳು. ಅವನು ಅಕ್ಕನ ಕಡೆ ನೋಡಿದ. ಅಕ್ಕ ಟೀ ಆರಿಸಿಕೊಳ್ಳುತ್ತಿದ್ದರು. ಎರಡು ದಿನ ಅವನು ಮುಖ ಊದಿಸಿಕೊಂಡು ಓಡಾಡಿದ. ಮೂರನೆಯ ದಿನ ಆಫೀಸಿನಿಂದ ಒಂದು ಕಾಗದ ತಂದು ಮೇಜಿನ ಮೇಲಿಟ್ಟ. ಹಸಿರು ಕಾರಿನ ವಿಮೆಗೆ ಎರಡನೆಯ ಚಾಲಕರ ಹೆಸರು ಸೇರಿಸುವ ಅರ್ಜಿ ಅದು. ಹೆಂಡತಿಯ ಹುಟ್ಟಿದ ತಾರೀಖು ಅವನೇ ತುಂಬಿದ್ದ. ಅಕ್ಕನ ಸಹಿ ಒಂದು ಬಾಕಿ ಇತ್ತು.

ಚಾರ್ಟನ್ನು ಸಿಸ್ಟರ್ ಇನ್ನೊಂದು ತಿಂಗಳು ಬರೆದರು. ಏರು ಹತ್ತಿದ ದಿನವೂ, ಹತ್ತದ ದಿನವೂ ಮಟ್ಟ ಒಂದೇ ಗೆರೆಯಲ್ಲಿ ನಿಂತಿತ್ತು. ಆಮೇಲೆ ಬರೆಯುವುದನ್ನು ಬಿಟ್ಟರು.

ಮುಂದಿನ ತಿಂಗಳು ತಮ್ಮನ ಹೆಂಡತಿ ತೊಂಬತ್ತು ಕಿಲೋಮೀಟರು ದೂರದಲ್ಲಿರುವ ತನ್ನ ತಂಗಿಯ ಊರಿಗೆ ಒಬ್ಬಳೇ ಕಾರಿನಲ್ಲಿ ಹೊರಟಳು, ಎರಡು ದಿನದ ಮಟ್ಟಿಗೆ. ಮಧ್ಯಾಹ್ನ ಫೋನು ಬಂತು. ತಮ್ಮ ಹಾರಿ ಎತ್ತಿಕೊಂಡು, ಒಂದು ನಿಮಿಷ ಕೇಳಿ, ಪೆಚ್ಚುಮೋರೆ ಹಾಕಿಕೊಂಡು ಫೋನನ್ನು ಅಕ್ಕನ ಕೈಗೆ ಕೊಟ್ಟ.

"ಸುಖವಾಗಿ ತಲುಪಿದ್ದಾಳಂತೆ. ನಿನ್ನ ಹತ್ರ ಮಾತಾಡಬೇಕಂತೆ."

"ಅತ್ತಿಗೆ, ದಾರಿಯುದ್ದಕ್ಕೂ ಮಾಡು ತೆಗೆದೇ ಬಂದೆ. ಈಗ ಮೋಡ ಕಟ್ಟಿದೆ, ಈ ಮಾಡಿನ ಕೊಂಡಿ ಕೂರ್ತಾನೇ ಇಲ್ಲ!"

"ಒಳಗೆ ಕೂತ್ಕೋ" ಎಂದರು ಸಿಸ್ಟರ್. "ಗಾಬರಿ ಬೇಡ. ಮೊದಲು ಎರಡೂ ಕಿಟಕಿ ನಾಲ್ಕು ಬೆರಳು ಇಳಿಸು. ಇಳಿಸಿದ್ಯಾ? ಈಗ ಬಲಗಡೆಯಿಂದ ಶುರು ಮಾಡೋಣ."